ಬೆಳ್ಳಿ ಲೇಪದ ಫಿಲ್ಟರನ್ನು ನಲ್ಲಿ ಕೆಳಗೆ ಹಿಡಿಯಬೇಡಿ

ಬಳ್ಳಾರಿಯ ಕೌಲ್ ಬಜಾರ್‌ನ ಗೆಳೆಯರೊಬ್ಬರ ಮನೆಗೆ ಹೋದಾಗ ಏರ್ ಪ್ಯೂರಿಫೈಯರ್ ಫಿಲ್ಟರ್ ಬಚ್ಚಲಲ್ಲಿ ನೆನೆಯುತ್ತಿತ್ತು. 'ಬೆಳ್ಳಿ ನ್ಯಾನೋ ಕೋಟಿಂಗ್ ಐತ್ರಿ, ತೊಳೆದ್ರೆ ಹೊಸದಾಗುತ್ತೆ' ಎಂದರು. ಸಾವಿರಾರು ರೂಪಾಯಿ ಚರಂಡಿಗೆ ಹೋಯಿತು.

ಧೂಳು ಹಿಡಿಯುವುದು ಎಳೆಗಳು, ಲೇಪ ಅಲ್ಲ. ಎಳೆಯ ಮೇಲೆ 100 ನ್ಯಾನೋಮೀಟರ್‌ಗಿಂತ ಸಣ್ಣ ಬೆಳ್ಳಿ ಕಣಗಳಿರುತ್ತವೆ. ಸ್ವಲ್ಪ ತೇವ ಸಿಕ್ಕರೆ ಅವು ಬೆಳ್ಳಿ ಅಯಾನು, ಅಂದರೆ ವಿದ್ಯುದಾವೇಶ ಇರುವ ಬೆಳ್ಳಿ ಪರಮಾಣು ಬಿಡುತ್ತವೆ, ಅದು ಬ್ಯಾಕ್ಟೀರಿಯಾದ ಹೊರಪೊರೆ ಕೆಡಿಸುತ್ತದೆ. ಆದರೆ ಸೂಕ್ಷ್ಮಾಣು ಬೆಳ್ಳಿಯ ಹತ್ತಿರ ಬರಬೇಕಲ್ವಾ? ಮೇಲೆ ಅದಿರಿನ ಕೆಂಪು ಧೂಳು ದಪ್ಪಗೆ ಕೂತರೆ ಅದು ಧೂಳಿನ ಮೇಲೇ ಸುಖವಾಗಿರುತ್ತದೆ.

ಈಗ ಕೆಲಸ. ಪ್ಲಗ್ ಕೀಳಿ, ಮಾಸ್ಕ್ ಹಾಕಿ, ಯಂತ್ರವನ್ನು ವರಾಂಡಕ್ಕೆ ತನ್ನಿ. ಹೊರಗಿನ ಜಾಲರಿಯನ್ನು ಮಾತ್ರ ತೊಳೆಯಬಹುದು. ಜೀನ್ಸ್ ಹೊಲಿಗೆ ಘಟಕದ ಪಕ್ಕದವರಿಗೆ ಅದರಲ್ಲಿ ನೀಲಿ ನೂಲಿನ ಕಸ ಸಿಗುತ್ತದೆ. ನೆರಳಲ್ಲಿ ಪೂರ್ತಿ ಒಣಗಲಿ.

ಎಲ್ಲರೂ ಎಡವುವುದು ಒಳಗಿನ ಹೆಪಾ ಫಿಲ್ಟರ್‌ನಲ್ಲಿ, ಅಂದರೆ ಅತಿ ಸಣ್ಣ ಧೂಳು ಹಿಡಿಯುವ ಮಡಿಕೆ ಮಡಿಕೆಯ ಫಿಲ್ಟರ್‌ನಲ್ಲಿ. ಮಡಿಕೆಗಳಿಗೆ ನೀರು ಬಿದ್ದರೆ ಧೂಳು ಕೆಸರಾಗಿ ಅಲ್ಲೇ ಗಟ್ಟಿಯಾಗುತ್ತದೆ. ಅನೇಕ ಫಿಲ್ಟರ್‌ಗಳ ಪಾಲಿಪ್ರೊಪಿಲೀನ್ ಎಳೆಗಳಿಗೆ ಸ್ಥಿರ ವಿದ್ಯುತ್ ತುಂಬಿರುತ್ತಾರೆ, ಸಣ್ಣ ಕಣ ಅದಕ್ಕೇ ಅಂಟುವುದು. ಸೋಪು, ಸ್ಯಾನಿಟೈಸರ್ ತಾಗಿದರೆ ಅದು ಹೋಯಿತು. ಗೋಡೆಗೆ ಬಡಿದರೆ ಎಳೆ ಹರಿಯುತ್ತದೆ, ಹಿಡಿದಿಟ್ಟ ಧೂಳೆಲ್ಲ ನಿಮ್ಮ ಮೂಗಿಗೇ ಬರುತ್ತದೆ. ಬಿಸಿಲಿಗೂ ಇಡಬೇಡಿ. ಬಿಳಿ ಮಡಿಕೆ ಕಾವಿ ಬಣ್ಣಕ್ಕೆ ತಿರುಗಿದ್ದರೆ ಅದರ ಕಾಲ ಮುಗಿಯಿತು. ಮೆಲ್ಲಗೆ ಎಳೆದು, ಅಲ್ಲೇ ಪ್ಲಾಸ್ಟಿಕ್ ಚೀಲಕ್ಕೆ ಇಳಿಸಿ ಬಾಯಿ ಕಟ್ಟಿ. 'ವರ್ಷಕ್ಕೊಮ್ಮೆ ಬದಲಿಸಿ' ಎಂಬ ಡಬ್ಬಿಯ ಮಾತು ಸಂಡೂರು ರಸ್ತೆಯ ಅದಿರು ಲಾರಿ ನೋಡದವರು ಬರೆದದ್ದು.

ಹಳೇ ಫಿಲ್ಟರ್‌ಗೆ ಹೊಡೆಯುವ 'ನ್ಯಾನೋ ಸಿಲ್ವರ್' ಸ್ಪ್ರೇ ಕೊಳ್ಳಲೇಬೇಡಿ. ಕಾರ್ಖಾನೆಯಲ್ಲಿ ಲೇಪವನ್ನು ಎಳೆಗೆ ಗಟ್ಟಿಯಾಗಿ ಕೂರಿಸುತ್ತಾರೆ. ನೀವು ಸುಮ್ನೆ ಸಿಂಪಡಿಸಿದ್ದು ಉದುರಿ ಫ್ಯಾನ್ ಗಾಳಿಯ ಜೊತೆ ಕೋಣೆಗೇ ಬರಬಹುದು. ಟೈಟಾನಿಯಂ ಡೈಆಕ್ಸೈಡ್ ಲೇಪದ್ದಾದರೆ ಒಳಗೆ ನೇರಳಾತೀತ ದೀಪ ಇದೆಯೇ ಕೇಳಿ. ಸಾಮಾನ್ಯವಾಗಿ ಆ ಬೆಳಕಿಲ್ಲದೆ ಅದು ಕೆಲಸ ಮಾಡದು.

ಹೊಸ ಫಿಲ್ಟರ್‌ಗೆ ಸುತ್ತಿದ ಪ್ಲಾಸ್ಟಿಕ್ ಹಾಳೆ ತೆಗೆಯಿರಿ. ನಗಬೇಡಿ, ಹಾಳೆ ಸಮೇತ ತಿಂಗಳುಗಟ್ಟಲೆ ಓಡಿಸಿದವರಿದ್ದಾರೆ. ಬಾಣದ ಗುರುತು ಗಾಳಿ ಹೋಗುವ ದಿಕ್ಕಿಗಿರಲಿ. ಅಂಚಿನ ಸುತ್ತ ಬೆರಳಾಡಿಸಿ. ಸಂದಿ ಉಳಿದರೆ ಗಾಳಿ ಫಿಲ್ಟರ್ ಬಿಟ್ಟು ಅಲ್ಲಿಂದಲೇ ನುಗ್ಗುತ್ತದೆ. ಕೊನೆಗೆ ಯಂತ್ರದ ಫಿಲ್ಟರ್ ರೀಸೆಟ್ ಗುಂಡಿ ಒತ್ತಿ, ಅಂಚಿನ ಮೇಲೆ ಮಾರ್ಕರ್‌ನಲ್ಲಿ ತಾರೀಕು ಬರೆಯಿರಿ.