ಅರ್ಧ ಕುಡಿದಿಟ್ಟ ಗ್ಲಾಸು

ನಾನು ಮೈಸೂರಿನ ಒಂದು ಬ್ರೂಪಬ್‌ನಲ್ಲಿ ಬಿಯರ್ ಮಾಡುತ್ತೇನೆ. ಅಲ್ಲೇ ಮಾಡಿ ಅಲ್ಲೇ ಕೊಡುವ ಜಾಗ. ಗಾಜಿನ ಗೋಡೆಯ ಆಚೆ ಸ್ಟೀಲ್ ಟ್ಯಾಂಕುಗಳು, ಈಚೆ ಟೇಬಲ್‌ಗಳು. ಮೊದಲ ವರ್ಷ ನಾನು ಆ ಗಾಜು ದಾಟಿ ಈಚೆ ಬಂದಿದ್ದೇ ಕಡಿಮೆ. ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಧಾನ್ಯ) ನೆನೆಸುವುದು, ಕುದಿಸುವುದು, ತಣಿಸುವುದು, ಯೀಸ್ಟ್ ಹಾಕುವುದು, ಟ್ಯಾಂಕ್ ತೊಳೆಯುವುದು, ಇಷ್ಟರಲ್ಲೇ ದಿನ ಮುಗಿಯುತ್ತಿತ್ತು. ಬಂದವರಿಗೆ ಬಿಯರ್ ಹಿಡಿಸಿತಾ ಅಂತ ಕ್ಯಾಪ್ಟನ್‌ನ ಕೇಳಿದರೆ ‘ಎಲ್ಲರೂ ಸೂಪರ್ ಅಂದ್ರು ಸಾರ್’ ಎನ್ನುತ್ತಿದ್ದ. ಬಿಲ್ ಜೊತೆ ಕೊಡುವ ಅಭಿಪ್ರಾಯದ ಚೀಟಿಯಲ್ಲೂ ಅದೇ, ಐದಕ್ಕೆ ಐದು. ನಾನು ನಂಬಿದ್ದೆ.

ಒಂದು ಶನಿವಾರ ರಾತ್ರಿ ಗ್ಲಾಸ್ ತೊಳೆಯುವ ಹುಡುಗನಿಗೆ ಜ್ವರ. ಬೇರೆ ಯಾರೂ ಇರಲಿಲ್ಲ, ನಾನೇ ಸಿಂಕ್ ಮುಂದೆ ನಿಂತೆ. ವೀಟ್ ಬಿಯರ್ ಗ್ಲಾಸುಗಳು ಒಂದರ ಹಿಂದೆ ಒಂದು ಅರ್ಧ ತುಂಬಿಕೊಂಡೇ ವಾಪಸ್ ಬರುತ್ತಿದ್ದವು. ಎಣಿಸಿದೆ. ಬಾಗಿಲು ಹಾಕುವ ಹೊತ್ತಿಗೆ 17. ಆ ರಾತ್ರಿಯ ಚೀಟಿಗಳನ್ನೆಲ್ಲ ತೆಗೆದು ನೋಡಿದೆ. ಒಂದೇ ಒಂದು ದೂರು ಇರಲಿಲ್ಲ.

ಆಮೇಲೆ ಯೋಚಿಸಿದರೆ ಇದು ಅಂಥ ದೊಡ್ಡ ಒಗಟೇನಲ್ಲ. ನಮ್ಮ ಕಡೆಯವರು ಎದುರಿಗೆ ಚೆನ್ನಾಗಿಲ್ಲ ಅನ್ನುವುದಿಲ್ಲ. ನೆಂಟರ ಮನೆಯಲ್ಲಿ ಸಾರಿಗೆ ಉಪ್ಪು ಕಡಿಮೆಯಾದರೂ ‘ಚೆನ್ನಾಗಿತ್ತು, ಸಾಕಾಯ್ತು’ ಅಂತಲೇ ಏಳುತ್ತೇವೆ, ಅಲ್ವಾ? ಬಡಿಸಿದವರಿಗೆ ನಿಜ ಗೊತ್ತಾಗುವುದು ಎಲೆಯಲ್ಲಿ ಏನು ಉಳಿದಿದೆ ಅಂತ ನೋಡಿದಾಗ.

ಅಂದಿನಿಂದ ಸಿಂಕ್ ಪಕ್ಕದಲ್ಲಿ ಒಂದು ನೋಟ್‌ಬುಕ್ ಕಟ್ಟಿದೆ. ಯಾವ ಬಿಯರ್, ಯಾವ ಟೇಬಲ್, ಎಷ್ಟು ಉಳಿದಿದೆ, ಎಷ್ಟು ಹೊತ್ತಿಗೆ. ತೊಳೆಯುವ ಹುಡುಗ ಓದು ಬಿಟ್ಟವನು, ಆದರೆ ಲೆಕ್ಕದಲ್ಲಿ ಗಟ್ಟಿ. ಎರಡೇ ದಿನದಲ್ಲಿ ಅವನೇ ಕಾಲು, ಅರ್ಧ, ಮುಕ್ಕಾಲು ಅಂತ ಗುರುತು ಹಾಕತೊಡಗಿದ. ಜೊತೆಗೆ ನಾನು ಸಂಜೆ ಏಳರಿಂದ ಒಂಬತ್ತರವರೆಗೆ ಟೇಬಲ್‌ಗಳ ನಡುವೆ ಓಡಾಡಲು ಶುರು ಮಾಡಿದೆ. ‘ಬಿಯರ್ ಹೇಗಿದೆ?’ ಅಂತ ಕೇಳುವುದನ್ನು ಬಿಟ್ಟೆ. ಆ ಪ್ರಶ್ನೆಗೆ ಒಂದೇ ಉತ್ತರ ಬರುತ್ತದೆ. ‘ಇದನ್ನೇ ಇನ್ನೊಂದು ತರಿಸಲಾ, ಬೇರೆ ಕೊಡಲಾ?’ ಅಂತ ಕೇಳಿದರೆ ಜನ ಒಂದು ಕ್ಷಣ ತಡೆಯುತ್ತಾರೆ. ಆ ತಡೆದ ಹೊತ್ತಿನಲ್ಲಿ ನಿಜ ಹೊರಗೆ ಬರುತ್ತದೆ.

ಮೊದಲು ನಿಜ ಹೇಳಿದವರು ಪಾಂಡವಪುರದ ಕಡೆಯ ಒಬ್ಬ ಯಜಮಾನರು. ಕಬ್ಬಿನ ಬೇಸಾಯ. ಅಕ್ಕನ ಮಗ ಹೆಬ್ಬಾಳದ ಕಡೆ ಕಂಪನಿಯಲ್ಲಿ ಕೆಲಸ ಮಾಡುತ್ತಾನೆ, ಅವನು ಕರೆದುಕೊಂಡು ಬಂದಿದ್ದ. ಯಜಮಾನರು ಒಂದು ಗುಟುಕು ಕುಡಿದು ಗ್ಲಾಸನ್ನು ಬೆಳಕಿಗೆ ಹಿಡಿದರು.

‘ಏನಪ್ಪಾ ಇದು, ಮಡ್ಡಿ ಮಡ್ಡಿಯಾಗದೆ. ಕೆಟ್ಟೋಗಿರದಾ?’

‘ಮಾವ, ಅದು ಹಂಗೇ ಇರೋದು’ ಅಂದ ಹುಡುಗ, ಮುಜುಗರದಿಂದ.

‘ಹಂಗೇ ಇರೋದು ಅಂದ್ರೆ ಹೆಂಗೆ? ಬಾಳೆಹಣ್ಣಿನ ವಾಸ್ನೆ ಬೇರೆ ಹೊಡೀತದೆ.’

ಅವರು ಹೇಳಿದ್ದು ಎರಡೂ ಸರಿ. ವೀಟ್ ಬಿಯರ್‌ಗೆ ಅರ್ಧಕ್ಕಿಂತ ಹೆಚ್ಚು ಗೋಧಿ ಮಾಲ್ಟ್ ಹಾಕುತ್ತೇವೆ, ಸೋಸುವುದಿಲ್ಲ. ಗೋಧಿಯ ಪ್ರೋಟೀನು, ತೇಲುವ ಯೀಸ್ಟು, ಎರಡೂ ಸೇರಿ ಮಬ್ಬು ಬರುತ್ತದೆ. ಬಾಳೆಹಣ್ಣಿನ ವಾಸನೆ ಯಾರೂ ಹಾಕಿದ್ದಲ್ಲ, ಆ ಜಾತಿಯ ಯೀಸ್ಟೇ ಹುಟ್ಟಿಸುವುದು. ಬಾಳೆಹಣ್ಣಿನಲ್ಲಿರುವ ಪರಿಮಳದ ಅಂಶವೇ ಅದು. ಪಕ್ಕದಲ್ಲಿ ಕುಳಿತು ಇಷ್ಟನ್ನೂ ಹೇಳಿದೆ. ‘ನಮ್ಮ ನಂಜನಗೂಡು ರಸಬಾಳೆ ನೆನಪಿಸಿಕೊಂಡು ಇನ್ನೊಂದು ಗುಟುಕು ಕುಡಿದು ನೋಡಿ ಯಜಮಾನ್ರೇ’ ಅಂದೆ. ಅವರು ಕುಡಿದರು, ತಲೆ ಆಡಿಸಿದರು. ‘ಮೊದ್ಲೇ ಹೇಳಿದ್ರೆ ಆಗ್ತಿತ್ತಲ್ಲ ಕಣಪ್ಪ’ ಅಂದರು.

ಆ ಮಾತಿನಿಂದ ಎರಡು ಕೆಲಸ ಮಾಡಿದೆವು. ಒಂದು, ಹೊಸಬರು ಯಾರೇ ಬಂದರೂ ಆರ್ಡರ್ ತೆಗೆದುಕೊಳ್ಳುವ ಮೊದಲು ಮೂರು ನಾಲ್ಕು ಬಗೆಯನ್ನು ಪುಟ್ಟ ಗ್ಲಾಸಿನಲ್ಲಿ ರುಚಿಗೆ ಕೊಡುವುದು, 60 ಮಿಲಿಲೀಟರ್‌ನಷ್ಟು, ಕಾಸಿಲ್ಲದೆ. ಕೊಡುವಾಗ ‘ಇದು ಮಬ್ಬಾಗಿರುತ್ತದೆ, ಬಾಳೆಹಣ್ಣಿನ ವಾಸನೆ ಇರುತ್ತದೆ’ ಅಂತ ಬಾಯಿಬಿಟ್ಟು ಹೇಳುವುದು. ಎರಡು, ನಾನು ಅದೇ ಯೀಸ್ಟನ್ನು 24 ಡಿಗ್ರಿಯಲ್ಲಿ ಬಿಡುತ್ತಿದ್ದವನು 20ಕ್ಕೆ ಇಳಿಸಿದೆ. ಬಿಸಿ ಜಾಸ್ತಿಯಾದಷ್ಟೂ ಬಾಳೆ ವಾಸನೆ ಜಾಸ್ತಿ. ನನ್ನ ಬಿಯರ್‌ನಲ್ಲಿ ಅದು ನಿಜವಾಗಿಯೂ ಅತಿಯಾಗಿತ್ತು. ಮುಂದಿನ ತಿಂಗಳು ಶನಿವಾರದ ಲೆಕ್ಕ 17ರಿಂದ 5ಕ್ಕೆ ಬಂತು.

ನೊರೆಯ ವಿಷಯಕ್ಕೆ ಜಗಳ ಮಾಡಿದವರು ಕಡಿಮೆಯಿಲ್ಲ. ‘ಅರ್ಧ ಗ್ಲಾಸ್ ನೊರೆ ಕೊಟ್ಟು ದುಡ್ಡು ಪೂರ್ತಿ ತಗೋತೀರಾ?’ ಅಂತ ಒಬ್ಬರು ಕೌಂಟರ್‌ಗೇ ಬಂದು ಕೇಳಿದ್ದರು. ಫಿಲ್ಟರ್ ಕಾಫಿಗೆ ನೊರೆ ಇಲ್ಲದಿದ್ದರೆ ವಾಪಸ್ ಕಳಿಸುವ ಊರು ನಮ್ಮದು. ಬಿಯರ್‌ಗೆ ಮಾತ್ರ ನೊರೆ ಬಂದರೆ ಮೋಸ ಅನ್ನಿಸುತ್ತದೆ. ಆದರೆ ಅವರ ಕೋಪದಲ್ಲಿ ನ್ಯಾಯ ಇತ್ತು. ಕಾಸು ಕೊಡುವುದು ಬಿಯರ್‌ಗೆ. ಹಾಗಾಗಿ ಗೆರೆ ಇರುವ ಗ್ಲಾಸ್ ತರಿಸಿದೆವು. ಗೆರೆಯವರೆಗೆ ಬಿಯರ್, ಗೆರೆಯ ಮೇಲೆ ಎರಡು ಬೆರಳು ನೊರೆ. ಆ ಜಗಳ ಅಲ್ಲಿಗೆ ನಿಂತಿತು.

ಇನ್ನೊಂದು ದೂರು ಇದರ ತಿರುಗಾಮುರುಗ. ಒಂದೇ ಟ್ಯಾಂಕಿನ ಬಿಯರ್, ಒಂದೇ ಟ್ಯಾಪ್. ಒಂದು ಟೇಬಲ್‌ನಲ್ಲಿ ನೊರೆ ನಿಲ್ಲುತ್ತದೆ, ಪಕ್ಕದ ಟೇಬಲ್‌ನಲ್ಲಿ ನಿಮಿಷದೊಳಗೆ ಸತ್ತುಹೋಗಿ ‘ನೀರು ನೀರಾಗಿದೆ’ ಅನ್ನುತ್ತಾರೆ. ಒಂದು ವಾರ ಗ್ಯಾಸಿನ ಒತ್ತಡ ನೋಡಿದೆ, ಪೈಪು ನೋಡಿದೆ. ಕೊನೆಗೆ ಸಿಕ್ಕಿದ್ದು ಸಿಂಕ್‌ನಲ್ಲೇ. ಕಬಾಬ್ ತಟ್ಟೆ ಉಜ್ಜಿದ ಸ್ಪಂಜಿನಲ್ಲೇ ಗ್ಲಾಸ್ ಕೂಡ ಉಜ್ಜುತ್ತಿದ್ದರು. ಎಣ್ಣೆಯ ಪಸೆ ಕಣ್ಣಿಗೆ ಕಾಣದಷ್ಟಿದ್ದರೂ ಸಾಕು, ನೊರೆ ನಿಲ್ಲುವುದಿಲ್ಲ. ಇದಕ್ಕೆ ಸುಲಭದ ಪರೀಕ್ಷೆ ಇದೆ. ತೊಳೆದ ಗ್ಲಾಸಿನ ಒಳಗನ್ನು ಒದ್ದೆ ಮಾಡಿ ಪುಡಿ ಉಪ್ಪು ಉದುರಿಸಬೇಕು. ಶುದ್ಧವಾಗಿರುವ ಕಡೆ ಉಪ್ಪು ಸಮನಾಗಿ ಅಂಟುತ್ತದೆ, ಪಸೆ ಇರುವ ಕಡೆ ಅಂಟುವುದಿಲ್ಲ. ಹತ್ತು ಗ್ಲಾಸ್ ತೆಗೆದು ಎಲ್ಲರ ಮುಂದೆ ಮಾಡಿ ತೋರಿಸಿದೆ. ಆರರಲ್ಲಿ ಉಪ್ಪು ತೇಪೆ ತೇಪೆಯಾಗಿ ನಿಂತಿತು. ಈಗ ಗ್ಲಾಸಿಗೆ ಬೇರೆ ಸಿಂಕ್, ಬೇರೆ ಬ್ರಷ್. ಬಟ್ಟೆಯಲ್ಲಿ ಒರೆಸುವಂತಿಲ್ಲ, ಬೋರಲು ಹಾಕಿ ಗಾಳಿಗೆ ಒಣಗಿಸುವುದು.

ಈಗ ಬೆಣ್ಣೆಯ ವಿಷಯ. ಇದನ್ನು ಬರೆಯಲು ಇಂದಿಗೂ ಸಂಕಟ ಆಗುತ್ತದೆ.

ದಸರಾ ಹತ್ತಿರ ಬಂದಿತ್ತು. ಆ ಹತ್ತು ದಿನ ಊರಿನ ತುಂಬ ಜನ, ನಮ್ಮಲ್ಲಿ ಟೇಬಲ್‌ಗೆ ಕಾಯುವ ಸಾಲು. ಟ್ಯಾಂಕುಗಳು ಖಾಲಿಯಾಗುತ್ತಿದ್ದವು. ಒಂದು 500 ಲೀಟರ್ ಬ್ಯಾಚ್‌ನ ಹುಳಿ, ಅಂದರೆ ಯೀಸ್ಟ್ ಸಕ್ಕರೆಯನ್ನು ತಿಂದು ಬಿಯರ್ ಮಾಡುವ ಹಂತ, ಮುಗಿದ ಹಾಗೆ ಕಾಣಿಸಿತು. ಮೂಸಿದೆ, ಕುಡಿದೆ, ಚೆನ್ನಾಗಿತ್ತು. ಎರಡು ದಿನ ಮೊದಲೇ ತಣಿಸಿ ಟ್ಯಾಪ್‌ಗೆ ಹಾಕಿದೆ. ಮೊದಲ ದಿನ ಸರಿ. ಮೂರನೇ ದಿನ ಒಬ್ಬ ಹೆಣ್ಣುಮಗಳು ಕೇಳಿದರು, ‘ಇದಕ್ಕೆ ಬೆಣ್ಣೆ ಏನಾದ್ರೂ ಹಾಕ್ತೀರಾ?’ ಇನ್ನೊಂದು ಟೇಬಲ್‌ನಲ್ಲಿ ‘ಪಾಪ್‌ಕಾರ್ನ್ ವಾಸನೆ’ ಅಂದರು. ಆ ರಾತ್ರಿ ನೋಟ್‌ಬುಕ್‌ನಲ್ಲಿ ಒಂದು ಪುಟ ಸಾಲಲಿಲ್ಲ.

ಅದು ಡೈಅಸಿಟೈಲ್. ಯೀಸ್ಟ್ ಕೆಲಸ ಮಾಡುವಾಗ ಒಂದು ವಸ್ತುವನ್ನು ಹೊರಗೆ ಬಿಡುತ್ತದೆ. ಅದಕ್ಕೆ ವಾಸನೆ ಇಲ್ಲ. ನಿಧಾನಕ್ಕೆ ಅದೇ ಡೈಅಸಿಟೈಲ್ ಆಗಿ ಬದಲಾದಾಗ ಬೆಣ್ಣೆ ವಾಸನೆ ಬರುತ್ತದೆ. ಕಾಯುವ ತಾಳ್ಮೆ ನಮಗಿದ್ದರೆ ಯೀಸ್ಟೇ ಅದನ್ನು ವಾಪಸ್ ತಿಂದು ಮುಗಿಸುತ್ತದೆ. ನಾನು ಬೇಗ ತಣಿಸಿ ಯೀಸ್ಟನ್ನು ಮಲಗಿಸಿಬಿಟ್ಟಿದ್ದೆ. ಟ್ಯಾಂಕಿನ ಮುಂದೆ ನಿಂತು ಮೂಸಿದಾಗ ಗೊತ್ತಾಗದೆ ಇದ್ದದ್ದು ಗ್ಲಾಸಿಗೆ ಹೋದ ಮೇಲೆ ಎದ್ದಿತು.

ಮಾಲೀಕರ ಹತ್ತಿರ ಹೋಗಿ ‘ಉಳಿದಿದ್ದನ್ನು ಚೆಲ್ಲಬೇಕು, ತಪ್ಪು ನನ್ನದು’ ಅಂದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ‘ಚೆಲ್ಲು’ ಅಂದರು. ಆಗಲೇ ಕುಡಿಯುತ್ತಿದ್ದ ಟೇಬಲ್‌ಗಳಿಗೆ ನಾನೇ ಹೋಗಿ ಏನಾಯಿತು ಅಂತ ಹೇಳಿ, ಆ ಬಿಯರ್‌ನ ದುಡ್ಡು ಬಿಲ್‌ನಿಂದ ತೆಗೆಸಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಒಬ್ಬರು ಕುರ್ಚಿ ಎಳೆದು ಕೂರಿಸಿಕೊಂಡು ಯೀಸ್ಟ್ ಬಗ್ಗೆ ಅರ್ಧ ಗಂಟೆ ಕೇಳಿದರು. ಬೆಣ್ಣೆ ಅಂದ ಹೆಣ್ಣುಮಗಳಿಗೆ ಈಗ ಪ್ರತಿ ಹೊಸ ಬ್ಯಾಚ್‌ನ ಮೊದಲ ರುಚಿ ಕೊಡುತ್ತೇನೆ. ಅವರ ಮೂಗು ನನ್ನದಕ್ಕಿಂತ ಚುರುಕು.

ಈಗ ಹುಳಿ ಮುಗಿಯುವ ಹೊತ್ತಿಗೆ ಟ್ಯಾಂಕಿನ ಬಿಸಿ ಎರಡು ಡಿಗ್ರಿ ಏರಿಸಿ ಎರಡು ದಿನ ಸುಮ್ನೆ ಬಿಡುತ್ತೇನೆ. ಆಮೇಲೆ ಎರಡು ಸ್ಯಾಂಪಲ್. ಒಂದನ್ನು ಮುಚ್ಚಿ 60 ಡಿಗ್ರಿ ಬಿಸಿನೀರಿನಲ್ಲಿ ಇಪ್ಪತ್ತು ನಿಮಿಷ ಇಟ್ಟು ಆರಿಸುತ್ತೇನೆ, ಇನ್ನೊಂದನ್ನು ಹಾಗೇ ಇಡುತ್ತೇನೆ. ಬಿಸಿ ಮಾಡಿದ್ದರಲ್ಲಿ ಬೆಣ್ಣೆ ವಾಸನೆ ಬಂದರೆ ಟ್ಯಾಂಕಿಗೆ ಇನ್ನೂ ಹೊತ್ತು ಬೇಕು ಅಂತ ಅರ್ಥ. ದಸರಾ ಇರಲಿ, ಏನೇ ಇರಲಿ, ಈ ಪರೀಕ್ಷೆ ಆಗದೆ ಒಂದು ಹನಿಯೂ ಹೊರಗೆ ಹೋಗುವುದಿಲ್ಲ.

ಟೇಬಲ್‌ಗಳ ನಡುವೆ ಓಡಾಡಿದ್ದರಿಂದ ಬಿಯರ್‌ಗೆ ಸಂಬಂಧವೇ ಇಲ್ಲದ ಸಂಗತಿಗಳೂ ಕಣ್ಣಿಗೆ ಬಿದ್ದವು. ಗಂಡ ಹೆಂಡತಿ ಬಂದರೆ ನಮ್ಮ ಹುಡುಗರು ಕಪ್ಪಗಿನ ಸ್ಟೌಟ್ ಬಿಯರನ್ನು ಕೇಳದೆಯೇ ಗಂಡಸಿನ ಮುಂದೆ ಇಡುತ್ತಿದ್ದರು. ಆರ್ಡರ್ ಮಾಡಿದ್ದು ಹೆಂಡತಿ. ಅವರೇ ಗ್ಲಾಸ್ ಬದಲಾಯಿಸಿಕೊಳ್ಳುವಾಗ ಮುಖ ಸಣ್ಣದಾಗುವುದನ್ನು ನಾನು ನೋಡಿದ್ದೇನೆ. ಈಗ ಯಾರು ಯಾವುದು ಕೇಳಿದರು ಅಂತ ಕುರ್ಚಿಯ ನಂಬರ್ ಸಮೇತ ಬರೆದುಕೊಳ್ಳುತ್ತಾರೆ. ಬಿಲ್ ಕೂಡ ಕೇಳಿದವರ ಕೈಗೇ.

‘ಕಿಕ್ ಇಲ್ಲ’ ಎನ್ನುವವರಿಗೆ ನಾನು ಉತ್ತರ ಬದಲಾಯಿಸಿಲ್ಲ. ಬಾಟಲಿಯ ಸ್ಟ್ರಾಂಗ್ ಬಿಯರ್‌ನಲ್ಲಿ ಆಲ್ಕೋಹಾಲ್ 8 ಪರ್ಸೆಂಟ್‌ವರೆಗೆ ಇರುತ್ತದೆ, ನಮ್ಮದು ಹೆಚ್ಚೆಂದರೆ ಐದು. ರುಚಿಗೆ ಕುಡಿಯುವ ಬಿಯರ್ ಇದು ಅಂತ ನೇರವಾಗಿ ಹೇಳುತ್ತೇನೆ. ಆದರೂ ಮೂರು ಪಿಚರ್ ಮುಗಿಸಿ ಬೈಕ್ ಕೀಲಿ ತಿರುಗಿಸುತ್ತಾ ಏಳುವವರು ಇರುತ್ತಾರೆ. ಕಾನೂನಿನ ಪ್ರಕಾರ 100 ಮಿಲಿಲೀಟರ್ ರಕ್ತದಲ್ಲಿ ಆಲ್ಕೋಹಾಲ್ 30 ಮಿಲಿಗ್ರಾಂ ದಾಟಿದರೆ ಗಾಡಿ ಓಡಿಸುವಂತಿಲ್ಲ, ಮೊದಲ ಸಲ ಸಿಕ್ಕರೇ 10,000 ರೂಪಾಯಿ ದಂಡ ಬೀಳಬಹುದು, ಆರು ತಿಂಗಳವರೆಗೆ ಜೈಲೂ ಆಗಬಹುದು. ನಾನು ದಂಡದ ಮಾತು ಎತ್ತುವುದಿಲ್ಲ. ‘ಅಣ್ಣಾ, ಗಾಡಿ ಇಲ್ಲೇ ಇರಲಿ, ಬೆಳಿಗ್ಗೆ ನಾನೇ ತೆಗೆದುಕೊಡ್ತೀನಿ, ಆಟೋ ಬಂದಿದೆ’ ಅನ್ನುತ್ತೇನೆ. ಆಟೋವನ್ನು ಬಾಗಿಲಿಗೆ ತರಿಸಿದ ಮೇಲೆಯೇ ಈ ಮಾತು ಆಡಬೇಕು. ಮೊದಲೇ ಆಡಿದರೆ ಒಪ್ಪುವುದಿಲ್ಲ.

ಬೆಲ್ಲದ ಬಿಯರ್ ಬಗ್ಗೆ ಹೇಳದಿದ್ದರೆ ಆಗುವುದಿಲ್ಲ. ಮಂಡ್ಯ ಪಕ್ಕದಲ್ಲೇ ಇದೆ, ಬೆಲ್ಲದ ಬಿಯರ್ ಮಾಡಬೇಕು ಅನ್ನುವುದು ನನ್ನ ಬಹಳ ದಿನದ ಆಸೆ. ಮಾರ್ಕೆಟ್‌ನಿಂದ ಹಳದಿ ಬಣ್ಣದ ಚೆಂದದ ಅಚ್ಚು ಬೆಲ್ಲ ತಂದು, ಮಾಲ್ಟ್ ರಸ ಕುದಿಯುವಾಗ ಹಾಕಿ, ಬೋರ್ಡ್ ಮೇಲೆ ‘ಮಂಡ್ಯ ಬೆಲ್ಲದ ಬಿಯರ್’ ಅಂತ ದೊಡ್ಡದಾಗಿ ಬರೆದೆ. ಗ್ಲಾಸುಗಳು ಮತ್ತೆ ಅರ್ಧ ಅರ್ಧ ವಾಪಸ್ ಬಂದವು. ಅದೇ ಯಜಮಾನರು ಮತ್ತೆ ಬಂದಿದ್ದರು. ಕುಡಿದು ನನ್ನನ್ನೇ ಕರೆಸಿದರು.

‘ಬೆಲ್ಲ ಅಂತ ಬರ್ದಿದೀಯ. ಬೆಲ್ಲ ಎಲ್ಲದೆ ಕಣಪ್ಪ?’

ಬೆಲ್ಲದ ಸಕ್ಕರೆಯನ್ನು ಯೀಸ್ಟ್ ಹೆಚ್ಚುಕಡಿಮೆ ಪೂರ್ತಿ ತಿಂದುಬಿಡುತ್ತದೆ. ಸಿಹಿ ಉಳಿಯುವುದಿಲ್ಲ, ಬಿಯರ್ ಇನ್ನೂ ಒಣಕಲಾಗುತ್ತದೆ. ಪರಿಮಳ ಕುದಿಯುವಾಗಲೇ ಅರ್ಧ ಹಾರಿಹೋಗಿರುತ್ತದೆ. ಇದನ್ನು ಅವರಿಗೆ ಹೇಳಿದೆ. ಅವರು ಬೇರೆಯೇ ಪ್ರಶ್ನೆ ಕೇಳಿದರು: ‘ಯಾವ ಬೆಲ್ಲ ಹಾಕ್ದೆ?’ ತೋರಿಸಿದೆ. ‘ಇದು ಬಣ್ಣ ಬರ್ಲಿ ಅಂತ ಪುಡಿ ಹಾಕಿರೋ ಬೆಲ್ಲ. ಇದ್ರಲ್ಲಿ ವಾಸ್ನೆ ಹುಡುಕ್ತೀಯಲ್ಲ’ ಅಂದರು. ಮುಂದಿನ ಸಲ ಬರುವಾಗ ಪಕ್ಕದ ಆಲೆಮನೆಯಿಂದ ಕಪ್ಪಗಿನ ಬೆಲ್ಲ ಹತ್ತು ಕೆಜಿ ತಂದುಕೊಟ್ಟರು. ಚೀಲ ಬಿಚ್ಚಿದಾಗ ಇಡೀ ಬ್ರೂ ರೂಮ್ ಘಮ್ ಅಂದಿತು.

ಆ ಬೆಲ್ಲಕ್ಕೆ ತಕ್ಕ ಹಾಗೆ ನಾನೂ ಮಾಡುವ ರೀತಿ ಬದಲಾಯಿಸಿದೆ. ಮಾಲ್ಟ್ ನೆನೆಸುವ ಬಿಸಿಯನ್ನು 65 ಡಿಗ್ರಿಯಿಂದ 69ಕ್ಕೆ ಏರಿಸಿದೆ. ಆಗ ಯೀಸ್ಟ್ ತಿನ್ನಲಾಗದ ಸಕ್ಕರೆ ಸ್ವಲ್ಪ ಜಾಸ್ತಿ ಹುಟ್ಟಿ ಬಾಯಿಗೆ ದಪ್ಪ ಸಿಗುತ್ತದೆ. ಹುರಿದ ಸಕ್ಕರೆಯ ರುಚಿ ಕೊಡುವ ಕ್ಯಾರಮೆಲ್ ಮಾಲ್ಟ್ ಸ್ವಲ್ಪ ಸೇರಿಸಿದೆ. ಬೆಲ್ಲವನ್ನು ಕುದಿಯುವ ಹಂತದಲ್ಲಿ ಹಾಕಲಿಲ್ಲ. ಹುಳಿಯ ಜೋರು ಇಳಿದ ಮೇಲೆ, ಮೂರನೇ ದಿನ, ನೀರಿನಲ್ಲಿ ಕರಗಿಸಿ, ಒಂದು ಕುದಿ ಬರಿಸಿ, ಆರಿಸಿ ಟ್ಯಾಂಕಿಗೆ ಬಿಟ್ಟೆ. ಬೋರ್ಡ್ ಮೇಲಿನ ಬರಹವನ್ನೂ ತಿದ್ದಿದೆ: ‘ಬೆಲ್ಲದ ಪರಿಮಳ ಇದೆ, ಸಿಹಿ ಕಡಿಮೆ.’

ಕಳೆದ ಶನಿವಾರ ಬೆಲ್ಲದ ಬಿಯರ್ 46 ಗ್ಲಾಸ್ ಹೋಯಿತು. ನೋಟ್‌ಬುಕ್‌ನಲ್ಲಿ ಉಳಿದದ್ದು ಎರಡೇ. ಎರಡೂ ಒಂದೇ ಟೇಬಲ್‌ನಿಂದ. ಹೋಗಿ ಕೇಳಿದರೆ ಆ ಹುಡುಗಿ ‘ಕೊನೆಯಲ್ಲಿ ಒಂಚೂರು ಹೊಗೆ ಹೊಗೆ ಅನ್ಸುತ್ತೆ’ ಅಂದಳು. ನಾನು ಮತ್ತೆ ಕುಡಿದು ನೋಡಿದೆ. ಹೌದು, ಇದೆ. ಕೊಪ್ಪರಿಗೆ ತಳ ಹಿಡಿದದ್ದೋ, ಒಲೆಯ ಹೊಗೆಯೋ, ನಾನು ಕುದಿಸಿದಾಗ ಸೀದಿದ್ದೋ ತಿಳಿಯಲಿಲ್ಲ. ಯಜಮಾನರಿಗೆ ಫೋನ್ ಮಾಡಿದೆ.

‘ಭಾನುವಾರ ಆಲೆಮನೆಗೇ ಬಾ ಮಗಾ. ಕೊಪ್ಪರಿಗೆ ಇಳ್ಸೋ ಹೊತ್ಗೆ ನಿಂತು ನೀನೇ ಮೂಸಿ ನೋಡು’ ಅಂದರು.

ಹೊಗೆ ಅಂದ ಗ್ಲಾಸಿನ ಬಿಯರನ್ನು ಒಂದು ಬಾಟಲಿಯಲ್ಲಿ ಫ್ರಿಜ್‌ನಲ್ಲಿಟ್ಟಿದ್ದೇನೆ. ಅದನ್ನೂ ತೆಗೆದುಕೊಂಡು ಹೋಗುತ್ತೇನೆ.