ಕೆನಡಾದ ಸಸ್ಕಾಟೂನ್‌ಗೆ ಹೊಸದಾಗಿ ಬರುವ ಕುಟುಂಬಗಳಿಗೆ

ವಿಮಾನ ಇಳಿಯುವಾಗ ಕಿಟಕಿಯಿಂದ ನೋಡಿದರೆ ಎಲ್ಲೂ ಒಂದು ಗುಡ್ಡ ಕಾಣುವುದಿಲ್ಲ. ಮಲೆನಾಡಿನವರಿಗೆ ಎದೆ ಧಸಕ್ಕೆನ್ನುತ್ತದೆ. ಗದಗ, ವಿಜಯಪುರದ ಕಡೆಯವರು ಈ ಬಯಲಿಗೆ ಬೇಗ ಹೊಂದಿಕೊಳ್ಳುತ್ತಾರೆ. ಇದೇ ಪ್ರೇರಿ. ಕಣ್ಣು ಹಾಯುವಷ್ಟು ದೂರ ಹೊಲ, ಅದರ ಮೇಲೆ ಆಕಾಶ. ಜುಲೈನಲ್ಲಿ ಕನೋಲ ಹೂ ಬಿಟ್ಟಾಗ ನೋಡಿ, ನೆಲವೆಲ್ಲಾ ಅರಿಸಿನ ಚೆಲ್ಲಿದ ಹಾಗಿರುತ್ತದೆ.

ಎಲ್ಲರೂ ಮೊದಲು ಕೇಳುವುದು ಚಳಿ ಬಗ್ಗೆ. ಜನವರಿಯಲ್ಲಿ ಮೈನಸ್ 30 ಹೊಸದೇನಲ್ಲ, ಅಪರೂಪಕ್ಕೆ ಮೈನಸ್ 40ಕ್ಕೂ ಇಳಿಯುತ್ತದೆ. ಹವಾಮಾನ ವರದಿಯಲ್ಲಿ ‘ವಿಂಡ್ ಚಿಲ್’ ಅಂತ ಇನ್ನೊಂದು ಸಂಖ್ಯೆ ಇರುತ್ತದೆ. ಗಾಳಿ ಸೇರಿದಾಗ ಮೈಗೆ ತಾಗುವ ಚಳಿ ಅದು. ಅದನ್ನು ನೋಡಿಯೇ ಮನೆ ಬಿಡಿ. ಅದು ಮೈನಸ್ 40ಕ್ಕೆ ಇಳಿದರೆ ಮುಚ್ಚದ ಚರ್ಮ 5ರಿಂದ 10 ನಿಮಿಷದಲ್ಲಿ ಮರಗಟ್ಟಬಹುದು. ಮಕ್ಕಳ ಕೆನ್ನೆ, ಕಿವಿ ಬೆಳ್ಳಗಾಗಿ ಸ್ಪರ್ಶ ಗೊತ್ತಾಗದಿದ್ದರೆ ತಿಕ್ಕಬೇಡಿ. ಒಳಗೆ ಕರೆತಂದು, ಬೆಚ್ಚಗಿನ ಅಂಗೈ ಇಡಿ.

ಜಾಕೆಟ್ ಬೆಂಗಳೂರಿನಲ್ಲಿ ಕೊಳ್ಳಬೇಡಿ. ಅಲ್ಲಿಯದು ಇಲ್ಲಿ ಅಕ್ಟೋಬರ್‌ವರೆಗೆ ಮಾತ್ರ ಸಾಕಾಗುತ್ತದೆ. ಬೆರಳು ಬೇರೆಬೇರೆ ಇರುವ ಗ್ಲೌಸ್‌ಗಿಂತ ಎಲ್ಲಾ ಬೆರಳೂ ಒಟ್ಟಿಗಿರುವ ಮಿಟ್ಸ್ ಜಾಸ್ತಿ ಬೆಚ್ಚಗಿರುತ್ತದೆ. ಬೂಟು ಸ್ವಲ್ಪ ದೊಡ್ಡದಿರಲಿ, ಒಳಗೆ ಉಣ್ಣೆ ಕಾಲುಚೀಲ ಹಿಡಿಯಬೇಕಲ್ವಾ? ಮಕ್ಕಳಿಗೆ ಸ್ನೋ ಪ್ಯಾಂಟ್ ಬೇಕೇ ಬೇಕು, ಚಳಿಗಾಲದಲ್ಲೂ ಶಾಲೆಯವರು ಹೊರಗೆ ಆಡಲು ಬಿಡುತ್ತಾರೆ. ಪ್ರತಿಯೊಂದರ ಮೇಲೂ ಹೆಸರು ಬರೆಯಿರಿ.

ಇಲ್ಲಿ ಕಾರಿನ ಮುಂದೆ ಒಂದು ಪ್ಲಗ್ ನೇತಾಡುತ್ತಿರುತ್ತದೆ. ಅದು ಎಂಜಿನ್ ಬೆಚ್ಚಗಿಡುವ ಬ್ಲಾಕ್ ಹೀಟರ್‌ನದು. ಮೈನಸ್ 15ಕ್ಕಿಂತ ಕೆಳಗಿಳಿದರೆ ಹೊರಡುವ ಮೂರ್ನಾಲ್ಕು ಗಂಟೆ ಮುಂಚೆ ಕರೆಂಟಿಗೆ ಸಿಕ್ಕಿಸಬೇಕು. ಮೊದಲ ವರ್ಷ ನನಗೆ ಇದು ಗೊತ್ತಿರಲಿಲ್ಲ. ಒಂದು ಬೆಳಿಗ್ಗೆ ಕೀ ತಿರುಗಿಸಿದರೆ ಕಟ್ ಅಂತ ಒಂದು ಸದ್ದು, ಅಷ್ಟೇ. ಮಗಳು ಹಿಂದಿನ ಸೀಟಿನಲ್ಲಿ ನಡುಗುತ್ತಿದ್ದಳು. ಎದುರುಮನೆಯ ಅಜ್ಜ ತಾನಾಗಿಯೇ ಬೂಸ್ಟರ್ ಕೇಬಲ್ ಹಿಡಿದು ಬಂದರು. ಅವರ ಹುಬ್ಬಿನ ಮೇಲೆಲ್ಲಾ ಮಂಜು ಕಟ್ಟಿತ್ತು. ಕಾರು ಚಾಲೂ ಆಗುವವರೆಗೂ ಅಲ್ಲೇ ನಿಂತಿದ್ದರು, ಹೆಸರು ಹೇಳಿದ್ದು ಆಮೇಲೆ. ಇಲ್ಲಿನ ಜನ ಹೀಗೇ. ಸಹಾಯ ಕೇಳಲು ಸಂಕೋಚ ಬೇಡ. ಹಿಮ ಬಿದ್ದಾಗ ನೀವೂ ಪಕ್ಕದ ಮನೆಯ ಮುಂದೆ ನಾಲ್ಕು ಸಲಿಕೆ ಎತ್ತಿಹಾಕಿ.

ಊರು ಬಿಟ್ಟು ಹೆದ್ದಾರಿಗೆ ಹೋಗುವಾಗ ಕಂಬಳಿ, ಸಲಿಕೆ, ನೀರು, ತಿಂಡಿ ಕಾರಿನಲ್ಲಿರಲಿ. ಹಿಮಗಾಳಿಯಲ್ಲಿ ಸಿಕ್ಕಿಕೊಂಡರೆ ಕಾರು ಬಿಟ್ಟು ನಡೆಯಬೇಡಿ.

ಬಂದ ವಾರದಲ್ಲೇ ಹೆಲ್ತ್ ಕಾರ್ಡ್‌ಗೆ ಅರ್ಜಿ ಹಾಕಿ. ಸರ್ಕಾರಿ ಆರೋಗ್ಯ ಯೋಜನೆ ಕೆನಡಾದಲ್ಲಿ ಮೊದಲು ಜಾರಿಗೆ ಬಂದದ್ದೇ ಈ ಪ್ರಾಂತ್ಯದಲ್ಲಿ, 1962ರಲ್ಲಿ. ಆದರೆ ದೊಡ್ಡವರ ಹಲ್ಲು, ಕನ್ನಡಕದ ಖರ್ಚು ಸಾಮಾನ್ಯವಾಗಿ ಅದರಲ್ಲಿ ಬರುವುದಿಲ್ಲ. ರಾತ್ರಿ ಮಗುವಿಗೆ ಜ್ವರ ಬಂದು ಏನು ಮಾಡಬೇಕೋ ತೋಚದಿದ್ದರೆ 811ಕ್ಕೆ ಫೋನ್ ಮಾಡಿ, ನರ್ಸ್ ಮಾತಾಡುತ್ತಾರೆ. ಪ್ರಾಣಕ್ಕೆ ಅಪಾಯವಿದ್ದರೆ 911.

ಇಲ್ಲಿ ಗಡಿಯಾರ ಹಿಂದೆ ಮುಂದೆ ಮಾಡುವುದಿಲ್ಲ. ವರ್ಷವಿಡೀ ಊರಿಗೂ ನಮಗೂ ಹನ್ನೊಂದೂವರೆ ಗಂಟೆ ವ್ಯತ್ಯಾಸ. ಇಲ್ಲಿ ರಾತ್ರಿ 8 ಆದಾಗ ಅಮ್ಮ ಅಲ್ಲಿ ಬೆಳಗಿನ ಏಳೂವರೆಯ ಕಾಫಿ ಕುಡಿಯುತ್ತಿರುತ್ತಾರೆ.

ದೋಸೆ ಹಿಟ್ಟು ಹುದುಗುವುದಿಲ್ಲ ಅಂತ ಬೇಜಾರಾಗಬೇಡಿ. ಓವನ್ ಆನ್ ಮಾಡದೆ ಅದರ ದೀಪ ಮಾತ್ರ ಹಾಕಿ ಪಾತ್ರೆ ಒಳಗಿಡಿ. ಬೇಳೆಗಂತೂ ಬರವಿಲ್ಲ. 1970ರ ದಶಕದಿಂದ ಇಲ್ಲಿನ ವಿಶ್ವವಿದ್ಯಾಲಯ ಮಸೂರದ ತಳಿಗಳ ಮೇಲೆ ಕೆಲಸ ಮಾಡುತ್ತಿದೆ. ಊರಲ್ಲಿ ನೀವು ಉಂಡ ಮಸೂರ್ ಬೇಳೆ ಇಲ್ಲಿಯ ಹೊಲದ್ದೇ ಇರಬಹುದು.

ಈ ನೆಲ ಕ್ರೀ ಮತ್ತಿತರ ಮೂಲನಿವಾಸಿಗಳದು, ಮೇಟಿ ಜನರ (ಮೂಲನಿವಾಸಿ ಮತ್ತು ಯುರೋಪಿಯನ್ ಮೂಲ ಬೆರೆತವರು) ತಾಯ್ನಾಡು ಕೂಡ. ಸಸ್ಕಾಟೂನ್ ಎಂಬ ಹೆಸರೂ ಕ್ರೀ ಭಾಷೆಯ ಒಂದು ಹಣ್ಣಿನ ಹೆಸರಿನಿಂದ ಬಂದದ್ದು. ಮಕ್ಕಳನ್ನು ಮೂಲನಿವಾಸಿಗಳ ಪರಂಪರೆಯ ಪಾರ್ಕ್ ಆದ ವಾನುಸ್ಕೇವಿನ್‌ಗೆ ಕರೆದುಕೊಂಡು ಹೋಗಿ, ಅವರ ಕಥೆ ಅವರಿಂದಲೇ ಕೇಳಿ.

ಡಿಸೆಂಬರ್‌ನಲ್ಲಿ ಸಂಜೆ 5ಕ್ಕೆಲ್ಲಾ ಕತ್ತಲು. ನಮ್ಮನ್ನು ಕುಗ್ಗಿಸುವುದು ಚಳಿಗಿಂತ ಈ ಕತ್ತಲು ಮತ್ತು ಒಂಟಿತನ. ಅದರಲ್ಲೂ ಇಡೀ ದಿನ ಮನೆಯಲ್ಲಿರುವವರನ್ನು, ಊರಿಂದ ಬಂದ ಅಪ್ಪ ಅಮ್ಮನನ್ನು. ಮಧ್ಯಾಹ್ನ ಬಿಸಿಲಿರುವಾಗ ನದಿ ದಂಡೆಯಲ್ಲಿ ಅರ್ಧ ಗಂಟೆ ನಡೆಯಿರಿ. ಜೊತೆಗೆ ಯಾರೂ ಇಲ್ಲ ಅಂದರೆ ಸುಮ್ನೆ ಇಲ್ಲಿನ ನಮ್ಮ ಕನ್ನಡ ಸಂಘಕ್ಕೆ ಒಂದು ಮೆಸೇಜ್ ಹಾಕಿ, ನಮ್ಮಲ್ಲೊಬ್ಬರು ಬರುತ್ತೇವೆ.

ನೀವು ಇಳಿಯುವ ದಿನ ಒಂದು ವಾರ ಮುಂಚೆ ತಿಳಿಸಿ. ಮಕ್ಕಳ ವಯಸ್ಸನ್ನೂ ಬರೆಯಿರಿ. ಅವರ ಅಳತೆಯ ಜಾಕೆಟ್ ಹಿಡಿದುಕೊಂಡೇ ಏರ್‌ಪೋರ್ಟ್‌ಗೆ ಬರುತ್ತೇವೆ.