ಗೆಲ್ಲದ ಕೊಟೇಶನ್ ಗೆದ್ದವನನ್ನು ಬದಲಾಯಿಸಿದ್ದು ಹೇಗೆ

ಪೀಣ್ಯದ ಒಂದು ಮಷಿನ್ ಶಾಪ್‌ನಲ್ಲಿ ಖರೀದಿ ನೋಡಿಕೊಳ್ಳುತ್ತೇನೆ. ಬೆಲೆಗೆ ಇಷ್ಟು ತೂಕ, ಸರ್ವಿಸ್‌ಗೆ ಇಷ್ಟು, ಎಕ್ಸೆಲ್‌ನಲ್ಲಿ ಕೂಡಿಸಿ ಜಾಸ್ತಿ ಅಂಕ ಬಂದವರಿಗೆ ಆರ್ಡರ್. ಆಡಿಟ್‌ನವರಿಗೂ ಖುಷಿ.

ಒಂದು ವಿಎಂಸಿ (ಲೋಹ ಕೊರೆಯುವ ಕಂಪ್ಯೂಟರ್ ನಿಯಂತ್ರಿತ ಮಷಿನ್) ಖರೀದಿಯ ಲೆಕ್ಕ ನೋಡಿ, ಅಂಕಿಗಳನ್ನು ಸ್ವಲ್ಪ ಸರಳ ಮಾಡಿದ್ದೇನೆ. ಬೆಲೆ, ಸರ್ವಿಸ್ ಎರಡಕ್ಕೂ 50. ‘ಎ’ ಕಂಪನಿಯ ಬೆಲೆ 40 ಲಕ್ಷ, ಸರ್ವಿಸ್ ಹತ್ತಕ್ಕೆ 6. ‘ಬಿ’ 46 ಲಕ್ಷ, 8. ‘ಸಿ’ 50 ಲಕ್ಷ, 9. ಬಂದವರಲ್ಲೇ ಒಳ್ಳೆಯದಕ್ಕೆ ಪೂರ್ತಿ ಅಂಕ, ಕೊನೆಯದಕ್ಕೆ ಸೊನ್ನೆ, ನಡುವಿನದಕ್ಕೆ ಪ್ರಮಾಣದಂತೆ. ‘ಬಿ’ಗೆ 53.3, ಮಿಕ್ಕ ಇಬ್ಬರಿಗೂ 50. ಆಮೇಲೆ ತಡವಾಗಿ ‘ಡಿ’ ಬಂತು: 50 ಲಕ್ಷ, ಸರ್ವಿಸ್ 2. ಯಾರೂ ಮುಟ್ಟದ ಕೊಟೇಶನ್. ಆದರೂ ಶೀಟ್‌ಗೆ ಹಾಕಿದ ಕೂಡಲೇ ‘ಎ’ 78.6, ‘ಬಿ’ 62.9! ‘ಎ’ ಮಷಿನ್ ಒಂದು ಚೂರೂ ಬದಲಾಗಿಲ್ಲ. ಮೊದಲು 6 ಅಂದರೆ ಎಲ್ಲರಿಗಿಂತ ಕೆಳಗೆ, ಈಗ ಅದಕ್ಕಿಂತ ಕೆಳಗೆ ಒಬ್ಬ ಇದ್ದಾನೆ, ಅಷ್ಟೇ.

ಎಕ್ಸೆಲ್ ಬಿಟ್ಟು ದೊಡ್ಡ ವಿಧಾನ ಹಿಡಿದರೆ ಸರಿಹೋಗುತ್ತಾ? 1970ರ ದಶಕದಲ್ಲಿ ಥಾಮಸ್ ಸಾಟಿ ರೂಪಿಸಿದ ಎಎಚ್‌ಪಿ (ಅನಲಿಟಿಕ್ ಹೈರಾರ್ಕಿ ಪ್ರೊಸೆಸ್) ವಿಧಾನದಲ್ಲಿ ಎರಡೆರಡನ್ನೇ ಹೋಲಿಸಿ 1ರಿಂದ 9ರವರೆಗೆ ಅಂಕ ಕೊಡಬೇಕು. ಎಂಟು ಮಾನದಂಡ ಇದ್ದರೆ ಅವುಗಳ ನಡುವೆಯೇ 28 ಹೋಲಿಕೆ. ಹತ್ತು ಹನ್ನೆರಡು ಆಗುವಷ್ಟರಲ್ಲಿ ಜನ ಸುಮ್ನೆ 3, 5 ಅಂತ ತುಂಬುತ್ತಾರೆ. ಅದರಲ್ಲೂ ಹೊಸ ಆಯ್ಕೆ ಸೇರಿದರೆ ಕ್ರಮ ತಲೆಕೆಳಗಾಗಬಹುದು ಅಂತ ಬೆಲ್ಟನ್ ಮತ್ತು ಗಿಯರ್ ಎಂಬ ಸಂಶೋಧಕರು 1983ರಲ್ಲೇ ತೋರಿಸಿದ್ದರು. ಎಎಚ್‌ಪಿಯಲ್ಲಿ ಲೆಕ್ಕ ಹಾಕುವ ಸುಸಂಗತತೆಯ ಅನುಪಾತ (ಕನ್ಸಿಸ್ಟೆನ್ಸಿ ರೇಶಿಯೊ) 0.10ರ ಒಳಗೆ ಬಂದರೆ ನಿಮ್ಮ ಉತ್ತರಗಳು ಒಂದಕ್ಕೊಂದು ಜಗಳ ಆಡುತ್ತಿಲ್ಲ ಅಂತ ಮಾತ್ರ ಅರ್ಥ. ಉತ್ತರ ಸರಿ ಅಂತಲ್ಲ.

ಇನ್ನೊಂದು ತೊಂದರೆ: ಸರ್ವಿಸ್, ಬಿಡಿಭಾಗ, ಎಂಜಿನಿಯರ್ ಎಷ್ಟು ಬೇಗ ಬರುತ್ತಾನೆ ಅಂತ ಮೂರು ಸಾಲು ಬರೆದರೆ ಒಂದೇ ವಿಷಯಕ್ಕೆ ಮೂರು ಸಲ ಅಂಕ ಹೋಗುತ್ತದೆ. (ಮೊದಲೇ ಮನಸ್ಸಿನಲ್ಲಿ ಹೆಸರು ಇಟ್ಟುಕೊಂಡವರಿಗೆ ಇದು ಚೆನ್ನಾಗಿ ಗೊತ್ತು.)

ಈಗ ಕೊಟೇಶನ್ ತೆರೆಯುವ ಮೊದಲೇ ಅಳತೆ ಗಟ್ಟಿ ಮಾಡುತ್ತೇನೆ. 35 ಲಕ್ಷಕ್ಕೆ ಪೂರ್ತಿ ಅಂಕ, 55ಕ್ಕೆ ಸೊನ್ನೆ; ಸರ್ವಿಸ್ 4ಕ್ಕಿಂತ ಕಡಿಮೆ ಇದ್ದರೆ ಪಟ್ಟಿಗೇ ಇಲ್ಲ. ‘ಯಾವುದು ಮುಖ್ಯ’ ಅಂತ ಯಾರನ್ನೂ ಕೇಳುವುದಿಲ್ಲ, ಎಲ್ಲರೂ ಎಲ್ಲವೂ ಮುಖ್ಯ ಅಂತಾರೆ. ‘ಸರ್ವಿಸ್ 6ರಿಂದ 8ಕ್ಕೆ ಏರಿದರೆ ಎಷ್ಟು ಲಕ್ಷ ಜಾಸ್ತಿ ಕೊಡಬಹುದು ಸಾರ್?’ ಅಂತ ಪ್ರೊಡಕ್ಷನ್ ಮ್ಯಾನೇಜರ್‌ರನ್ನು ಕೇಳಿ, ಆ ಉತ್ತರದಿಂದಲೇ ತೂಕ ಹಾಕುತ್ತೇನೆ. ಮೊದಲಿಬ್ಬರ ನಡುವೆ ಎರಡು ಮೂರು ಅಂಕದ ವ್ಯತ್ಯಾಸ ಇದ್ದರೆ ‘ಸಮ’ ಅಂತ ಬರೆದು, ನಮ್ಮದೇ ಒಂದು ಜಾಬ್ ಕೊಟ್ಟು ಇಬ್ಬರ ಮಷಿನ್ ಮೇಲೂ ಓಡಿಸಿ ನೋಡುತ್ತೇವೆ.